ಚಕ್ಕಿನ ಹಲ್ಲಿನ ಗುರುತು

ಲೇತಿನಲ್ಲಿ ಮರ ಕಡೆಯಲು ಹೊಸದಾಗಿ ಕಲಿಯುವವರಿಗೆ ನಾನು ಹೇಳುವುದು ಇಷ್ಟೇ: ಲಟ್ಟಣಿಗೆಯಂಥ ಉದ್ದದ ತುಂಡನ್ನು ಎರಡು ಮೊನೆಗಳ ನಡುವೆ ಕೂರಿಸಿ, ಬಟ್ಟಲಿನ ತುಂಡನ್ನು ಕಬ್ಬಿಣದ ತಟ್ಟೆಗೆ ಸ್ಕ್ರೂ ಹಾಕಿ ಬಿಗಿಯಿರಿ. ತುಂಡನ್ನು ಕಚ್ಚಿ ಹಿಡಿದು ತಿರುಗಿಸುವ ಚಕ್ಕಿನ ಹಲ್ಲುಗಳಿಗೆ ಕೊಟ್ಟರೆ ಮಾತ್ರ ಬಿಗಿಯುವ ಕೈ ಹಗುರವಾಗಿರಲಿ. ಈ ಕೊನೇ ಮಾತು ನನ್ನ ಅಪ್ಪನ ತಲೆಗೆ ಹೋಗಲೇ ಇಲ್ಲ.

ಅವನು ಕೋರಮಂಡಲ್ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆದವನು. ಗಣಿ ಮುಚ್ಚಿ ಎಷ್ಟೋ ವರ್ಷಗಳ ಮೇಲೆ, ಬಂಗಾರಪೇಟೆಯ ನನ್ನ ಶೆಡ್ಡಿಗೆ ಬಂದು ಮರಕ್ಕೆ ಕೈ ಹಾಕಿದ. ಬೇವಿನ ಬಟ್ಟಲನ್ನೂ ಕಬ್ಬಿಣದಂತೆಯೇ ಚಕ್ಕಿಗೆ ಬಿಗಿಯುತ್ತಿದ್ದ. ಬುಡದಲ್ಲಿ ಹಲ್ಲು ಕಚ್ಚಿದ ಗುರುತು ಬೀಳುತ್ತಿತ್ತು, ಕೆಲವು ಸೀಳಿಯೇ ಹೋಗುತ್ತಿದ್ದವು.

"ಇದು ಮರ ಕಣಪ್ಪಾ, ಇಷ್ಟು ಬಿಗೀಬ್ಯಾಡ" ಎಂದು ರೇಗುತ್ತಿದ್ದೆ.

"ಸಡ್ಲ ಬುಟ್ರೆ ಆರ್ಕಂಡ್ ಬಂದು ಮಕಕ್ಕೆ ಬಡೀತದೆ ಕಣಮ್ಮಾ" ಎನ್ನುತ್ತಿದ್ದ.

ಹೋದ ವರ್ಷ ಕಾಯಿಲೆಯಿಂದ ಎದ್ದು ಬಂದವನು ಒಂದು ಬಟ್ಟಲು ಕಡೆದ. ತಿರುಗಿಸಿ ನೋಡಿದೆ. ಬುಡ ನುಣ್ಣಗಿತ್ತು, ಒಂದು ಗುರುತೂ ಇರಲಿಲ್ಲ.

"ಈಗ ಕಲಿತೆ ನೋಡಪ್ಪಾ" ಎಂದೆ.

ಅಪ್ಪ ಚಕ್ಕು ಬಿಗಿಯುವ ಕೀ ಕೆಳಗಿಟ್ಟು ತನ್ನ ಬೆರಳುಗಳನ್ನು ಮಡಚಲು ನೋಡಿದ. ಅವು ಅರ್ಧಕ್ಕೇ ನಿಂತವು.