ಗಂಗುಲಪ್ಪನ ಗಾಜಿನ ಬಾಗಿಲು

ಲಕ್ಕೂರಿನಲ್ಲಿ ಹಿಟ್ಟಿನ ಗಿರಣಿ ನಡೆಸಿಯೇ ಮುದುಕನಾದ ನನ್ನ ಗೆಳೆಯ ಗಂಗುಲಪ್ಪನಿಗೆ ಗೊತ್ತಿರುವ ಔಷಧಿ ಒಂದೇ: ಹರಳೆಣ್ಣೆ. ಬಾವಿಯ ರಾಟೆ ಕಿರುಗುಟ್ಟಲಿ, ಹೊಲಿಗೆ ಯಂತ್ರ ಹಟ ಹಿಡಿಯಲಿ, ಸೀಸೆ ಹಿಡಿದು ಹೊರಟುಬಿಡುವನು. ನಾನು ಮೇಷ್ಟರಾಗಿದ್ದಾಗ ನಮ್ಮ ಶಾಲೆಯ ಗಂಟೆಗೂ ಎಣ್ಣೆ ಬಿಟ್ಟುಹೋದ ಪುಣ್ಯಾತ್ಮ ಅವನು. ಜವಾನ ಆವಲಪ್ಪ ವಾರವೆಲ್ಲ ಜಿಡ್ಡಿನ ಕೈ ಒರೆಸಿಕೊಂಡು ಶಪಿಸುತ್ತಿದ್ದ.

ಹೊಸ ಮನೆ ಕಟ್ಟಿಸುವಾಗ ಗಂಗುಲಪ್ಪ, ಕೋಲಾರದಲ್ಲಿ ಕೆಡವುತ್ತಿದ್ದ ಒಂದು ಬಟ್ಟೆಯಂಗಡಿಯಿಂದ ಪಕ್ಕಕ್ಕೆ ಸರಿಯುವ ಹಳೆಯ ಗಾಜಿನ ಬಾಗಿಲನ್ನು ತಂದು ತಲೆಬಾಗಿಲಿಗೇ ಕೂರಿಸಿದ.

"ಬೆರಳಲ್ಲಿ ತಳ್ಳಿದ್ರೆ ಸಾಕು, ಬೆಣ್ಣೆ ಥರ ಜಾರುತ್ತೆ ಮೇಷ್ಟ್ರೇ!"

ಜಾರಿದ್ದು ಮೊದಲ ಶುಕ್ರವಾರದವರೆಗೆ. ಆ ಬಾಗಿಲಿಗೆ ಹೊಸಲಿಲ್ಲ. ನೆಲದಲ್ಲಿ ಅಲ್ಯೂಮಿನಿಯಂ ಹಳಿಯಷ್ಟೆ. ಅವನ ಹೆಂಡತಿ ಶಾಮಲಮ್ಮನವರು ಹೊಸಲಿಲ್ಲದ ಮನೆಯಲ್ಲಿ ಬಾಳುವವರಲ್ಲ. ಆ ಹಳಿಯನ್ನೇ ಹೊಸಲೆಂದು ಭಾವಿಸಿ, ಪ್ರತಿ ಶುಕ್ರವಾರ ತೊಳೆದು, ಅರಿಶಿನ ಬಳಿದು, ಕುಂಕುಮವಿಟ್ಟು, ರಂಗೋಲಿ ಎಳೆಯತೊಡಗಿದರು. ಬಾಗಿಲು ಬಿಗಿಯುತ್ತಿತ್ತು. ಶನಿವಾರ ಗಂಗುಲಪ್ಪ ಎಣ್ಣೆ ಹುಯ್ಯುತ್ತಿದ್ದ. ಅವರ ಭಕ್ತಿಯೂ ಇವನ ವೈದ್ಯವೂ ಕಲೆತು ಹಳಿಯೊಳಗೆ ಗಾರೆಯಂತೆ ಗಟ್ಟಿಯಾದುವು.

ಕಳೆದ ಬೇಸಿಗೆಯಲ್ಲಿ ಮಗ ವೆಂಕಟನ ಮದುವೆ ಮುಳಬಾಗಿಲಿನಲ್ಲಿ ನಡೆಯಿತು. ಸೊಸೆ ಮುನಿಲಕ್ಷ್ಮಿ ದೀಪ ಹಚ್ಚುವ ಹೊತ್ತಿಗೆ ಮನೆ ತುಂಬಬೇಕೆಂದು ನಿಶ್ಚಯವಾಗಿತ್ತು. ಮನೆ ಅಣಿಮಾಡಲು ದಂಪತಿಗಳೂ ನಾನೂ ಮುಂಚಿತವಾಗಿ ಬಂದೆವು. ಮದುವೆಗೆ ಹೊರಡುವ ಮುನ್ನ ಶಾಮಲಮ್ಮನವರು ಹಳಿಗೆ ಎಂದಿಗಿಂತ ದಪ್ಪನಾಗಿ ಅರಿಶಿನ ಮೆತ್ತಿದ್ದರು. ಎರಡು ದಿನದ ಬಿಸಿಲು ಅದನ್ನು ಸುಟ್ಟ ಇಟ್ಟಿಗೆಯನ್ನಾಗಿ ಮಾಡಿತ್ತು. ಬೀಗ ತೆಗೆದು ತಳ್ಳಿದರೆ, ಬಾಗಿಲು ಒಂದು ಗೇಣು ಸರಿದು ನಿಂತುಬಿಟ್ಟಿತು.

"ಹಳಿಗೆ ಅರಿಶಿನ ಮೆತ್ತಿದ್ರೆ ರೈಲು ಓಡುತ್ತೇನೇ?" ಎಂದು ಗಂಗುಲಪ್ಪ ಕೂಗಾಡಿದ.

"ಹೊಸಲಿಲ್ಲದ ಮನೆ ಕಟ್ಟಿದ್ದು ನಾನಾ, ನೀವಾ? ಮೇಲೆ ಎಣ್ಣೆ ಬೇರೆ! ಇದೇನು ಬಾಗಿಲೋ, ಉಪ್ಪಿನಕಾಯಿ ಜಾಡಿಯೋ?"

"ಸದ್ಯಕ್ಕೆ ಹಿತ್ತಲ ಬಾಗಿಲಿಂದ..." ಎಂದು ನಾನು ಬಾಯಿಬಿಟ್ಟೆ.

"ಹಿತ್ತಲಿಂದ ತರೋದಕ್ಕೆ ನನ್ನ ಸೊಸೆ ಏನು ಹಾಲಿನ ಕ್ಯಾನಾ, ಮೇಷ್ಟ್ರೇ?" ಎಂದರು ಶಾಮಲಮ್ಮನವರು.

ಗಂಗುಲಪ್ಪ ಆ ಸಂದಿನಲ್ಲೇ ಅಡ್ಡಡ್ಡ ನುಸುಳಿ, ಒಳಗಿನಿಂದ ದೋಸೆ ಮಗುಚುವ ಸಟ್ಟುಗ ತಂದು ಕೆರೆಯಲು ಕುಳಿತ. ಬಿಸಿನೀರು ಹುಯ್ದ. ಹಳದಿ ಹೆಂಟೆಗಳು ಎದ್ದುಬಂದುವು. ಅವುಗಳಲ್ಲಿ ಒಣಗಿದ ಹೂವಿನ ಎಸಳು, ತಲೆಗೂದಲು, ರಂಗೋಲಿ ಪುಡಿ. ಹಳಿ ಚೊಕ್ಕಟವಾಯಿತು, ಬಾಗಿಲು ಮಾತ್ರ ಅಲ್ಲಾಡಲಿಲ್ಲ. ಸೋತು, ಮಾಲೂರಿನಲ್ಲಿ ಗಾಜಿನ ಕೆಲಸ ಮಾಡುವ ಕದಿರೇಶನಿಗೆ ಫೋನು ಮಾಡಿದ.

"ನಾನು ಶ್ರೀನಿವಾಸಪುರದಲ್ಲಿದೀನಣ್ಣಾ. ಎಣ್ಣೆ ಬಿಡ್ಬೇಡಿ ಅಂತ ಹೋದ್ಸಲಾನೇ ಹೇಳಿರ್ಲಿಲ್ವಾ?"

"ಲೇ, ಬುದ್ಧಿ ಆಮೇಲೆ ಹೇಳೋ! ಸೊಸೆ ಬರ್ತಾವ್ಳೆ!"

"ಹಂಗಾದ್ರೆ ಬಾಗಿಲನ್ನೇ ಬಿಚ್ಚಿಬಿಡಿ. ಇಬ್ಬರು ಹಿಡಿದು ಮೇಲಕ್ಕೆತ್ತಿ, ಕೆಳಗಡೆ ತುದೀನ ಒಳಕ್ಕೆಳೀರಿ. ಗಾಜು, ಹುಷಾರು."

ಅಷ್ಟರಲ್ಲಿ ಕಾರು ಬಂದೇಬಿಟ್ಟಿತು. ಹೆಣ್ಣಿನ ಕಡೆಯವರು ಇಳಿದು, "ಏಮೈಂದಿ? ಏಮೈಂದಿ?" ಎಂದು, ಏನಾಯಿತೆಂದು ತೆಲುಗಿನಲ್ಲಿ ಒಬ್ಬರನ್ನೊಬ್ಬರು ಕೇಳತೊಡಗಿದರು. ಆರತಿ ತಟ್ಟೆಯ ಕರ್ಪೂರ ಉರಿದು ಮುಗಿಯಿತು. ಗಂಗುಲಪ್ಪನ ಮುಖ ನೋಡಲಾಗಲಿಲ್ಲ. ಬೀಗರ ಮುಂದೆ ಈ ಬಾಗಿಲಿನ ಬೆಣ್ಣೆಯಂತಹ ಜಾರುವಿಕೆಯನ್ನು ಅವನು ಬಣ್ಣಿಸಿದ್ದುಂಟು. ಮದುಮಗ ವೆಂಕಟನೇ ಬಾಸಿಂಗ ಬಿಚ್ಚಿಟ್ಟು ಬಂದು ಸಂದಿನಲ್ಲಿ ನುಸುಳಿದ. ತಂದೆಮಕ್ಕಳು ಎತ್ತಿ, ಎಳೆದು, ಬೈದಾಡಿಕೊಂಡು ಬಾಗಿಲನ್ನು ಕಿತ್ತು ಒಳಗೋಡೆಗೆ ಒರಗಿಸಿದರು. ಅದರ ಚಕ್ರಗಳು ಅರಿಶಿನದ ಉಂಡೆಗಳಾಗಿದ್ದುವು.

ಶಾಮಲಮ್ಮನವರು ಹಳಿಯ ಮೇಲೆ ಅಕ್ಕಿ ತುಂಬಿದ ಸೇರನ್ನಿಟ್ಟು ಹೊಸ ಕರ್ಪೂರ ಹಚ್ಚಿದರು. ಕಾದು ಬೇಸತ್ತಿದ್ದ ಹುಡುಗಿ ಬಲಗಾಲಿನಿಂದ ಜೋರಾಗಿಯೇ ಒದ್ದಳು. ಅಕ್ಕಿಯೆಲ್ಲ, ಆಗತಾನೆ ಕೆರೆದ ಹಳಿಯೊಳಗೆ!

ಗಂಗುಲಪ್ಪ ಪೊರಕೆಗೆ ಕೈಹಾಕಿದ.

"ಮುಟ್ಟಿದ್ರೆ ನೋಡಿ! ಸೊಸೆ ತಂದ ಲಕ್ಷ್ಮೀನ ಗುಡಿಸ್ತಾರೇನ್ರೀ? ಕೈಯಲ್ಲಿ ಆರಿಸಿ."

ಅವನು ಮತ್ತೆ ಹಳಿಯ ಮುಂದೆ ಕುಕ್ಕರಿಸಿದ. ಎದುರಿಗೆ ಸೊಸೆಯೂ ಕುಳಿತು, ಜಡೆಯಿಂದ ಒಂದು ಪಿನ್ನು ತೆಗೆದು ಸಂದಿನ ಕಾಳುಗಳನ್ನು ಮೀಟತೊಡಗಿದಳು.

"ಜೋರಾಗಿ ಒದ್ಬಿಟ್ಟೆ ಮಾವ."

"ಒದೀಬೇಕಾದ್ದು ಈ ಬಾಗಿಲನ್ನಮ್ಮ," ಎಂದು ನಿಟ್ಟುಸಿರುಬಿಟ್ಟು ಅವನು ನನ್ನ ಕಡೆ ತಿರುಗಿದ. "ಮೇಷ್ಟ್ರೇ, ಚಕ್ರ ತೊಳೆದು ಈಗಲೇ ಕೂರಿಸಿಬಿಡೋಣ. ಆ ಹರಳೆಣ್ಣೆ ಸೀಸೆ ಎಲ್ಲಿ?"

ಒಳಗೆ, ದೇವರ ಮುಂದೆ ಎರಡು ದೊಡ್ಡ ದೀಪಗಳು ಎಣ್ಣೆ ತುಂಬಿ ತುಳುಕುತ್ತ ಉರಿಯುತ್ತಿದ್ದುವು. ಪಕ್ಕದಲ್ಲಿ ಸೀಸೆ ಬೋರಲು ಬಿದ್ದಿತ್ತು. ಶಾಮಲಮ್ಮನವರು ಒಂದು ತೊಟ್ಟನ್ನೂ ಉಳಿಸಿರಲಿಲ್ಲ.