ಗಡಿಯಲ್ಲಿ ಬರೆಸಿಕೊಂಡ ಚೀಟಿ

ಬೇಕರಿಯ ಬೋರ್ಡನ್ನು ಓದಿದೆ. ಪಕ್ಕದ ಟೈರ್ ಅಂಗಡಿಯದನ್ನೂ ಓದಿದೆ. ವ್ಯಾನು ಸ್ವಲ್ಪ ಮುಂದೆ ಹೋಯಿತು, ಮೂರನೆಯದನ್ನು ಓದಲಾಗಲಿಲ್ಲ. ಬಣ್ಣ ಅದೇ ಕೆಂಪು, ಅಂಗಡಿಯ ಮುಂದೆ ತೂಗುಬಿಟ್ಟ ಬಾಳೆಗೊನೆಯೂ ಅದೇ. ಅಕ್ಷರ ಮಾತ್ರ ಬೇರೆ. ಶೇಂಗಾ ಕಟ್ಟಿಕೊಟ್ಟ ಕಾಗದವನ್ನೂ ಬಿಡದೆ ಓದುವವಳು ನಾನು. ನಲವತ್ತರ ಹತ್ತಿರ ಬಂದು, ಹಾಡಹಗಲಲ್ಲಿ, ಓದು ಬಾರದವಳಾದೆ. ಎದೆ ಹೊಡೆದುಕೊಂಡಿತು. ಹೆದರಿಕೆಯೋ ಖುಷಿಯೋ ಎಂದು ಯೋಚಿಸಿದ್ದೇನೆ. ಖುಷಿಯ ಪಾಲೇ ಹೆಚ್ಚಿತ್ತು.

ಆ ಬೋರ್ಡುಗಳ ತನಕ ಬಂದದ್ದು ಹೇಗೆಂದು ನಮ್ಮೂರು ಗದಗಿನ ಕಡೆಯಲ್ಲೇ ಉಳಿದ ನಿಮಗೆ ಕ್ರಮವಾಗಿ ಹೇಳುತ್ತೇನೆ.

ನಾವು ಬೆಂಗಳೂರಿನ ಲಗ್ಗೆರೆಗೆ ಬಂದು ಹತ್ತು ವರ್ಷದ ಮೇಲಾಗಿತ್ತು. ನನ್ನ ಗಂಡ ಬಸವರಾಜ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಓಡಿಸುತ್ತಿದ್ದರು. ಮಾಲೀಕರು ವರ್ಕ್‌ಶಾಪನ್ನೇ ಹೊಸೂರಿಗೆ, ಅಂದರೆ ತಮಿಳುನಾಡಿಗೆ, ಎತ್ತಿಕೊಂಡು ಹೋದರು. ನಾವೂ ಹೊರಡುವುದೆಂದಾಯಿತು. ಒಪ್ಪದೆ ಉಳಿದವರು ನಮ್ಮ ಅತ್ತೆ ಒಬ್ಬರೇ.

"ನಮ್ಮ ಸೀಮಿ ಮುಗಿಯೂತನಕ ಬರ್ತೀನಿ," ಅಂದರು. "ಅಲ್ಲಿ ಮನಸ್ಸು ಒಪ್ಪಿದ್ರ ದಾಟ್ತೀನಿ. ಇಲ್ಲಂದ್ರ ನನ್ನ ಬಸ್ ಹತ್ತಸ್ರಿ, ಮಗಳ ಮನ್ಯಾಗ ಇರ್ತೀನಿ."

ಅವರ ಮಗಳೂ ಲಗ್ಗೆರೆಯಲ್ಲೇ ಇದ್ದಳು. ಆದರೆ ನನ್ನ ಮಗಳು ವಿದ್ಯಾ, ಆಗ ಒಂಬತ್ತು ವರ್ಷದವಳು, ಹುಟ್ಟಿದಾಗಿನಿಂದ ಅಜ್ಜಿಯ ಮಗ್ಗುಲು ಬಿಟ್ಟು ಮಲಗಿದವಳಲ್ಲ. ದಾರಿಯುದ್ದಕ್ಕೂ ಅಜ್ಜಿಯ ಸೆರಗನ್ನು ಬೆರಳಿಗೆ ಸುತ್ತಿಕೊಂಡೇ ಕೂತಿದ್ದಳು.

ವ್ಯಾನು ನಮ್ಮ ಪಕ್ಕದ ಮನೆಯ ಮುನಿರಾಜು ಅವರದು. ಲಗ್ಗೆರೆ ಹಳ್ಳಿಯಾಗಿದ್ದಾಗಿನಿಂದ ಅಲ್ಲಿರುವ ಮನೆತನ. ಸಾಮಾನೆಲ್ಲ ಹಿಂದಿನ ದಿನವೇ ಲಾರಿಯಲ್ಲಿ ಹೋಗಿತ್ತು. ಅತ್ತೆ ಯಾರ ಕೈಗೂ ಕೊಡದೆ ಉಳಿಸಿಕೊಂಡದ್ದು ಬೀಸುವ ಕಲ್ಲು, ಒಂದು ಚೀಲ ಜೋಳ, ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ, ಸ್ಟೀಲ್ ಡಬ್ಬಿಯಲ್ಲಿ ಮೊಸರಿನ ಹೆಪ್ಪು. ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ ಹತ್ತಿದಾಗ ವಿದ್ಯಾ ಸೆರಗನ್ನೂ ಮರೆತು ಕಿಟಕಿಗೆ ಅಂಟಿಕೊಂಡಳು. "ಆಯೀ, ನಾವು ಮನಿಗಳ ಮ್ಯಾಲ ಹೊಂಟೀವಿ." ಅತ್ತೆ ಕಣ್ಣು ಮುಚ್ಚಿ, "ಇಳದ ಮ್ಯಾಲ ಹೇಳು," ಅಂದರು.

ಅತ್ತಿಬೆಲೆಯಲ್ಲಿ ಚೆಕ್‌ಪೋಸ್ಟ್ ಕಂಡಿದ್ದೇ ಅವರು ನೆಟ್ಟಗೆ ಕೂತರು.

"ನಿಲ್ಲಸಪಾ. ನಾಕಾ ಬಂತು."

"ಅದು ಲಾರಿಗಳಿಗೆ ಕಣಜ್ಜಿ," ಮುನಿರಾಜು ಅಂದರು. "ನಮ್ ವ್ಯಾನ್ನ ಯಾರೂ ಕೇಳಕಿಲ್ಲ."

"ಕೇಳಲಿಲ್ಲಂದ್ರ ನಾವ ಹೇಳಬೇಕು."

ಮದುವೆಯಾದ ಹೊಸದರಲ್ಲಿ ಅತ್ತೆ ಹಳ್ಳಿಯಿಂದ ಪೇಟೆಗೆ ಬೆಣ್ಣೆ ಒಯ್ಯುತ್ತಿದ್ದರು. ಪೇಟೆಯ ಬಾಗಿಲಲ್ಲಿ ಸುಂಕದ ನಾಕೆ ಇತ್ತು. ಒಮ್ಮೆ ಗಡಿಬಿಡಿಯಲ್ಲಿ ಹೇಳದೆ ದಾಟಿದ್ದಕ್ಕೆ ಅವರನ್ನು ಸಂತೆಯ ನಡುವಿನಿಂದ ಕರೆಸಿ, ಎಲ್ಲರೆದುರು ಬುಟ್ಟಿ ಇಳಿಸಿದ್ದರಂತೆ. ಅಂದಿನಿಂದ ಯಾವ ನಾಕೆಯನ್ನೂ ಅವರು ಬಾಯಿ ಮುಚ್ಚಿಕೊಂಡು ದಾಟಿಲ್ಲ.

"ಅಣ್ಣ, ನೀವಾದ್ರೂ ಯೋಳಿ," ಎಂದು ಮುನಿರಾಜು ನನ್ನ ಗಂಡನ ಕಡೆ ತಿರುಗಿದರು.

"ನಿಲ್ಲಸ್ರಿ ಮುನಿರಾಜಣ್ಣ. ಇಲ್ಲೇ ಇಳದು ಬಸ್ ಕೇಳಿದ್ರ ನಾ ಏನ್ ಮಾಡ್ಲಿ?"

ಲಾರಿಗಳ ಸಾಲಿನಲ್ಲಿ ನಾವೂ ನಿಂತೆವು. ಸರದಿ ಬಂದಾಗ ಅತ್ತೆ ಕಿಟಕಿಯೊಳಗಿನ ಗುಮಾಸ್ತರಿಗೆ ಒಂದೊಂದಾಗಿ ಒಪ್ಪಿಸಿದರು: "ಬೀಸೂಕಲ್ಲು ಒಂದು. ಜ್ವಾಳ ಒಂದು ಚೀಲ. ರೊಟ್ಟಿ. ಮೊಸರಿನ ಹೆಪ್ಪು. ಏನೂ ಮುಚ್ಚಿಟ್ಟಿಲ್ಲ ನೋಡ್ರಿ."

"ಅಜ್ಜಿ, ರೊಟ್ಟಿ ಫಾರಿನ್‌ಗಾ?" ಹಿಂದಿದ್ದ ಲಾರಿ ಡ್ರೈವರ್ ಕೇಳಿದ. ಸಾಲಿಗೆ ಸಾಲೇ ನಕ್ಕಿತು.

"ಹಸದಿದ್ರ ಹಂಗ ಕೇಳು. ಮಸ್ಕಿರಿ ಯಾಕ?" ಎಂದು ಎರಡು ರೊಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿ ಅವನ ಕೈಗಿಟ್ಟರು. ಅವನು ಅಲ್ಲೇ ನಿಂತು ತಿನ್ನತೊಡಗಿದ.

"ಇದಕ್ಕೆಲ್ಲ ಏನೂ ಬೇಡಮ್ಮ, ಹೋಗ್ಬನ್ನಿ," ಅಂದರು ಗುಮಾಸ್ತರು.

"ಬ್ಯಾಡಂತ ಬರದು ಕೊಡ್ರಿ."

ಅವರು ಅತ್ತೆಯನ್ನು ನೋಡಿದರು, ಸಾಲನ್ನು ನೋಡಿದರು. ಮೇಜಿನ ಮೇಲಿದ್ದ ಹಳೇ ಕಾಗದವೊಂದನ್ನು ಮಗುಚಿ, ಹೇಳಿದ್ದನ್ನೆಲ್ಲ ನಿಧಾನವಾಗಿ ಬರೆದರು. ತುದಿಗಾಲಲ್ಲಿ ನಿಂತಿದ್ದ ವಿದ್ಯಾ, "ಸಾರ್, ನಮ್ಮನ್ನೂ ಬರೀರಿ. ಆಯೀನ ಮೊದಲ ಬರೀರಿ," ಅಂದಳು. ಅವರು ತಲೆಯೆತ್ತದೆ ಇನ್ನೊಂದು ಸಾಲು ಸೇರಿಸಿದರು: "ಅಜ್ಜಿ, ಮೊಮ್ಮಗಳು ಮತ್ತು ಮನೆಯವರು. ತಕರಾರಿಲ್ಲ."

ನಾನು ಅದನ್ನು ಗಟ್ಟಿಯಾಗಿ ಓದಿದೆ. ಅತ್ತೆ ಇನ್ನೊಮ್ಮೆ ಓದಿಸಿದರು. ಆಮೇಲೆ ಮಡಚಿ ಸೊಂಟದ ಸಂಚಿಯಲ್ಲಿಟ್ಟುಕೊಂಡು ವ್ಯಾನು ಹತ್ತಿದರು. ಒಪ್ಪಿದೆ ಎಂದೇನೂ ಹೇಳಲಿಲ್ಲ. "ಚಲೋ ಮಂದಿ. ನಡಿಯಪಾ," ಅಂದರು, ಅಷ್ಟೇ. ವಿದ್ಯಾ ಬೆರಳಿನಿಂದ ಸೆರಗು ಬಿಚ್ಚಿದಳು. ನನ್ನ ಗಂಡ ಹೊರಗೆ ನೋಡುತ್ತಾ ಮುಖ ಒರೆಸಿಕೊಂಡರು. ಆಮೇಲೆಯೇ ಆ ಬೇಕರಿ, ಟೈರ್ ಅಂಗಡಿ, ಮೂರನೆಯ ಬೋರ್ಡು.

ಹೊಸೂರಿನ ಮನೆಯೊಡತಿ "ವಾಂಗ, ವಾಂಗ" ಎಂದು ಬಾಗಿಲಿಗೆ ಬಂದರು. ಬನ್ನಿ ಎಂದರ್ಥ. ಅತ್ತೆಯನ್ನು ಕಂಡು ತೆಲುಗು ಬೆರೆತ ಕನ್ನಡಕ್ಕೆ ತಿರುಗಿದರು. ಲಗ್ಗೆರೆಯ ನಮ್ಮ ಓಣಿಯಲ್ಲೂ ಹಾಗೆ ಮಾತಾಡುವವರಿದ್ದರು. ಅಲ್ಲಿ ನಲ್ಲಿಗೆ ಸಾಲು ಹಚ್ಚುತ್ತಿದ್ದೆವು, ಇಲ್ಲಿ ಅಂಗಳದಲ್ಲೇ ಬಾವಿ. ಅಲ್ಲಿ ಜೋಳದ ಹಿಟ್ಟು ಮೂಲೆಯ ಅಂಗಡಿಯಲ್ಲಿ ಸಿಗುತ್ತಿತ್ತು, ಇಲ್ಲಿ ಬೀಸುವ ಕಲ್ಲಿಗೆ ನಿಜವಾಗಿ ಕೆಲಸ ಬಂತು. ಮೊದಲ ಸಂಜೆ ಇಲ್ಲಿಯ ಹಾಲಿಗೆ ಲಗ್ಗೆರೆಯ ಹೆಪ್ಪು ಹಾಕಿದೆವು. ಬೆಳಿಗ್ಗೆ ನಾಲ್ಕೂ ಜನ ಪಾತ್ರೆಯ ಸುತ್ತ ನಿಂತು ನೋಡಿದೆವು. ಮೊಸರು ಗಟ್ಟಿಯಾಗಿತ್ತು. ತಿಂಗಳೆರಡು ಕಳೆಯುವುದರೊಳಗೆ ನಾನು ಬಸ್ಸಿನ ಬೋರ್ಡಿನಲ್ಲಿ ಹೊಸೂರಿನ ಹೆಸರನ್ನು ತಮಿಳಿನಲ್ಲೇ ಗುರುತಿಸಿದೆ. ಆ ಖುಷಿಗೆ ಅಂದು ಕೂರಲು ಜಾಗವಿದ್ದರೂ ನಿಂತೇ ಬಂದೆ.

ಚೀಟಿಯನ್ನು ಅತ್ತೆ ಎಸೆಯಲಿಲ್ಲ. ಯಾಕೆಂದು ಕೇಳಿದರೆ, "ಹೊಳ್ಳಿ ಹೋಗೂಮುಂದ ತೋರಸಬೇಕಲ್ಲ," ಅನ್ನುತ್ತಿದ್ದರು.

ಈಚೆಗೆ ಮುನಿರಾಜು ಅವರ ಮಗಳ ಮದುವೆಗೆಂದು ಲಗ್ಗೆರೆಗೆ ಹೊರಟಾಗ ಅದು ಅವರ ಕೈಯಲ್ಲಿತ್ತು. ಅತ್ತಿಬೆಲೆಯ ಆ ಕಿಟಕಿ ಮುಚ್ಚಿತ್ತು. ತೆರಿಗೆಯ ಪದ್ಧತಿ ಬದಲಾಗಿ ಲಾರಿಗಳೂ ಅಲ್ಲಿ ನಿಲ್ಲುತ್ತಿರಲಿಲ್ಲ.

"ಈಗ ಯಾರೂ ಕೇಳೂದಿಲ್ಲ ಯವ್ವಾ," ಅಂದರು ನನ್ನ ಗಂಡ.

"ಹಂಗಾದ್ರ ನಾವು ಬಂದಿದ್ದು ಯಾರು ಬರಕೋತಾರ?"

ವಿದ್ಯಾ ತಮಿಳಿನ ಕೊನೆಯ ಬೋರ್ಡನ್ನೂ ಕನ್ನಡದ ಮೊದಲ ಬೋರ್ಡನ್ನೂ ಒಂದೇ ಉಸಿರಿನಲ್ಲಿ ಓದಿದಳು. ಅತ್ತೆ ಚೀಟಿಯನ್ನು ಮಡಚಿ ಮತ್ತೆ ಸಂಚಿಗೆ ಸೇರಿಸಿದರು. ಸಂಜೆ ಇದೇ ದಾರಿಯಲ್ಲಿ ಮನೆಗೆ ಹೋಗಬೇಕಿತ್ತು.