ಗಫಾರ್ ಸಾಬರು ಕಟ್ಟಿದ ಇಂಜಿನ್

ಗಫಾರ್ ಸಾಬರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದಕ್ಕೆ ಬೆಳೆದಿರುತ್ತಿತ್ತು. ಮಿಕ್ಕ ಒಂಬತ್ತನ್ನೂ ಶುಕ್ರವಾರ ಬೆಳಿಗ್ಗೆ ಒಪ್ಪವಾಗಿ ಕತ್ತರಿಸಿಕೊಳ್ಳುವ ಮನುಷ್ಯ ಇದೊಂದನ್ನು ಯಾಕೆ ಬಿಟ್ಟಿದ್ದಾರೆಂದು ಮೊದಲ ದಿನವೇ ಕೇಳಿಬಿಟ್ಟೆ. ಗಣಿತದ ಟೀಚರಿಗೆ ಹೊಂದಿಕೆಯಾಗದ್ದು ಕಣ್ಣಿಗೆ ಬಿದ್ದರೆ ಬಾಯಿ ಸುಮ್ಮನಿರುವುದಿಲ್ಲ. "ಅದು ಉಗುರಲ್ಲ ಕಣಮ್ಮ, ನನ್ ಅಳತೆ ಗೇಜು" ಎಂದು ಅವರು ಅದನ್ನು ಅಂಗಿಗೆ ಒರೆಸಿಕೊಂಡರು.

ನಾನು ಹುಣಸೂರಿನ ಅವರ ತಗಡಿನ ಶೆಡ್ಡಿಗೆ ಹೋದದ್ದು ಅಪ್ಪನ ಹಳೆಯ ಫಿಯೆಟ್ ಕಾರಿನ ಸಲುವಾಗಿ. ಅಪ್ಪ ಹೋದಮೇಲೆ ಅದು ಕಂಪಲಾಪುರದ ಮನೆಯ ಕೊಟ್ಟಿಗೆಯಲ್ಲಿ ಏಳೆಂಟು ವರ್ಷ ನಿಂತು, ಇಂಜಿನ್ ಒಳಗೇ ಕಚ್ಚಿಕೊಂಡಿತ್ತು. ಟ್ರ್ಯಾಕ್ಟರ್ ನಿಲ್ಲಿಸಲು ಅಣ್ಣನಿಗೆ ಆ ಜಾಗ ಬೇಕಾಗಿತ್ತು. "ಓಡ್ಸಂಗಿದ್ರೆ ತಗಂಡೋಗು, ಇಲ್ದಿದ್ರೆ ಗುಜರಿಯವ್ನಿಗೆ ಕೊಟ್ಬುಡ್ತೀನಿ" ಎಂದಿದ್ದ. ಮೈಸೂರಿನಲ್ಲಿ ಒಬ್ಬರು ರಿಪೇರಿಗೆ ಹೇಳಿದ ಮೊತ್ತ ಕೇಳಿ ನಾನು ಅವರು ಕೊಟ್ಟ ಟೀ ಕೂಡ ಪೂರ್ತಿ ಕುಡಿಯದೆ ಎದ್ದು ಬಂದಿದ್ದೆ.

ಸಾಬರ ಲೆಕ್ಕವೇ ಬೇರೆ. "ನಿಮ್ಮ ತಾವ ಎಷ್ಟದೆ ಅಂತ ಮೊದ್ಲು ಯೋಳಿ. ಎಷ್ಟಾಯ್ತದೆ ಅಂತ ಆಮೇಕೆ ನಾನ್ ಯೋಳ್ತೀನಿ" ಎಂದರು. ನಾನು ಹೇಳಿದೆ. ಅವರು ಕಾರನ್ನೂ ನನ್ನನ್ನೂ ನೋಡಿ, "ಸಾಕಾಯ್ತದೆ. ಅವಸರ ಮಾತ್ರ ಮಾಡ್ಬ್ಯಾಡಿ" ಎಂದರು.

ಆಗ ಅವರಿಗೆ ಎಪ್ಪತ್ತು ದಾಟಿತ್ತು. ಸಣ್ಣಗೆ ಕೈ ನಡುಗುತ್ತಿತ್ತು. ಸ್ಪ್ಯಾನರ್ ಹಿಡಿದರೆ ಆ ನಡುಕ ನಿಂತುಹೋಗುತ್ತಿತ್ತು. ಪ್ಲಗ್ಗು ಬಿಚ್ಚಿದ್ದು ಬಿಟ್ಟರೆ ಮೊದಲ ಒಂದು ವಾರ ಅವರು ಸ್ಪ್ಯಾನರನ್ನು ಹಿಡಿಯಲೇ ಇಲ್ಲ. ಪ್ಲಗ್ಗಿನ ತೂತುಗಳಿಗೆ ಡೀಸೆಲ್ಲು ಬೆರೆಸಿದ ಆಯಿಲ್ ಹುಯ್ದು ಸುಮ್ಮನೆ ಕೂತರು. ದಿನಾ ಸಂಜೆ ನಾನು ಫೋನು ಮಾಡಿದರೆ "ಇನ್ನೂ ಮಲ್ಗವ್ನೆ ಕಣಮ್ಮ" ಎನ್ನುತ್ತಿದ್ದರು. ಒಂಬತ್ತನೇ ದಿನ ಇಂಜಿನ್ ಸಡಿಲಗೊಂಡು, ಅವರೇ ಫೋನು ಮಾಡಿ "ಕಣ್ಬುಟ್ಟ" ಎಂದಾಗ ನನಗೆ ಸ್ಟಾಫ್ ರೂಮಿನಲ್ಲೇ ಕಣ್ಣು ತುಂಬಿ ಬಂತು.

ಹೊಸದಾಗಿ ಕೊಂಡದ್ದು ಪಿಸ್ಟನ್ ರಿಂಗು, ಬೇರಿಂಗು, ಹೆಡ್ಡಿನ ಗ್ಯಾಸ್ಕೆಟ್, ಅಷ್ಟೇ. ಸಣ್ಣಪುಟ್ಟ ಪ್ಯಾಕಿಂಗುಗಳನ್ನು ಯಾರದೋ ಮದುವೆ ಕಾಗದದ ದಪ್ಪ ರಟ್ಟನ್ನು ಇಟ್ಟು, ಸುತ್ತಿಗೆಯಲ್ಲಿ ಅಂಚು ಬಡಿದು ಕತ್ತರಿಸಿದರು. ವಾಲ್ವುಗಳನ್ನು ಎರಡು ಅಂಗೈ ನಡುವೆ ಕಡ್ಡಿ ಹಿಡಿದು, ಮಜ್ಜಿಗೆ ಕಡೆದಂತೆ ತಿರುಗಿಸಿ ತಿರುಗಿಸಿ ಅರೆದರು. ಕೂಲಿ ಉಳಿಸಲು ಅವರ ಹತ್ತಿರ ಇನ್ನೊಂದು ಕಾನೂನಿತ್ತು: ಬಿಚ್ಚಿದ ಸಾಮಾನನ್ನು ಗಾಡಿಯವರೇ ತೊಳೆಯಬೇಕು. "ನಿಮ್ಮನೆ ಕೊಳೆ ಬ್ಯಾರೆಯೋರು ತೊಳುದ್ರೆ ಚೆಂದವಾ?" ಹಾಗಾಗಿ ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟೊಡನೆ ಹಳೆಯ ಸೀರೆ ಉಟ್ಟು, ಸೀಮೆಎಣ್ಣೆಯ ಬಾಂಡ್ಲಿ ಮುಂದೆ ಕೂರುವುದು ನನ್ನ ಪಾಲಿಗೆ ಬಂತು.

ಶೆಡ್ಡು ಮುಚ್ಚಿ ಮನೆಯಲ್ಲಿರಿ ಎಂದು ಅವರ ಮಕ್ಕಳು ಒಂದೇ ಸಮ ಹೇಳುತ್ತಿದ್ದರು. ಮರೆವು ಶುರುವಾಗಿದೆ, ಗಿರಾಕಿಗಳ ಗಾಡಿ ಕೆಟ್ಟರೆ ಹೆಸರು ಹೋಗುತ್ತದೆ ಎಂಬುದು ಅವರ ಭಯ. ಸಾಬರು ನನ್ನೆದುರೇ ಒಬ್ಬ ಮಗನಿಗೆ ಉತ್ತರ ಕೊಟ್ಟಿದ್ದರು: "ಕೆಲ್ಸದಾಗೆ ಒಂದ್ ಸಲ ಮರುತ್ರೆ ಸಾಕು, ಅವತ್ತೇ ಬೀಗ ಆಕ್ತೀನಿ. ಅಲ್ಲೀಗಂಟ ಆ ಮಾತೆತ್ಬ್ಯಾಡ."

ಪಿಸ್ಟನ್ನನ್ನು ಹೊತ್ತ ರಾಡುಗಳು ನಾಲ್ಕು. ಪ್ರತಿಯೊಂದರ ಬುಡಕ್ಕೂ ಅರ್ಧಚಂದ್ರದಂಥ ಒಂದು ಕ್ಯಾಪು. ನೋಡಲು ನಾಲ್ಕೂ ಒಂದೇ. ಆದರೆ ಒಂದರ ಕ್ಯಾಪು ಇನ್ನೊಂದಕ್ಕೆ ಕೂರುವುದಿಲ್ಲ; ಅದು ನನಗೆ ಗೊತ್ತಾದದ್ದು ಆಮೇಲೆ. ನಮ್ಮ ಕಾರಿನವಕ್ಕೆ ನಂಬರೂ ಸವೆದುಹೋಗಿತ್ತು. ಅದಕ್ಕೇ ಸಾಬರು ಕ್ಯಾಪುಗಳನ್ನು ಹೊಗೆಸೊಪ್ಪು ಕಟ್ಟುವ ಕಡ್ಡಿಗೆ, ಸೊಪ್ಪು ಕಟ್ಟುವ ದಾರದಲ್ಲೇ, ಒಂದರಿಂದ ನಾಲ್ಕರವರೆಗೆ ಸಾಲಾಗಿ ಕಟ್ಟಿಟ್ಟಿದ್ದರು. "ಬಿಚ್ಚದಂಗೆ ತೊಳೀರಿ" ಎಂದು ಹೇಳಿ ನಮಾಜಿಗೆ ಹೋದರು.

ದಾರದ ಸಂದಿಯಲ್ಲಿ ಜಿಡ್ಡು ಹೋಗಲಿಲ್ಲ. ಬಿಚ್ಚಿದೆ. ಫಳಫಳ ತೊಳೆದೆ. ಆಮೇಲೆ ಮತ್ತೆ ಕಡ್ಡಿಗೆ ಕಟ್ಟಿದೆ. ಸೊಪ್ಪು ಕಟ್ಟುವ ಮನೆಯಲ್ಲಿ ಬೆಳೆದವಳು ನಾನು. ಕಣ್ಣು ಮುಚ್ಚಿಕೊಂಡು ಕಟ್ಟಬಲ್ಲೆ. ಸೊಪ್ಪಿನ ಕಡ್ಡಿಯಲ್ಲಿ ಯಾವ ಎಲೆ ಮೊದಲು, ಯಾವುದು ಆಮೇಲೆ ಎಂಬುದುಂಟೇ? ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ಹಾಗೆ ಕಟ್ಟಿ, ಗಂಟು ಮಾತ್ರ ಅವರ ಗಂಟಿನಂತೆಯೇ ಹಾಕಿ ತೂಗುಹಾಕಿದೆ.

ಮುಂದಿನ ಶನಿವಾರ ಸಾಬರು ಎಲ್ಲ ಜೋಡಿಸಿ ಬಿಗಿದರೆ ಇಂಜಿನ್ ತಿರುಗಲಿಲ್ಲ. ಬಿಚ್ಚಿದರು, ನೋಡಿದರು, ಕೆಳಗೆ ಕೂತರು. "ಕಟ್ಟೋವಾಗ್ಲೇ ನಾನೇ ಸಾಲು ತಪ್ಸಿವ್ನಿ" ಎಂದರು. ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಲಾರಿ ಡ್ರೈವರೊಬ್ಬ ನಕ್ಕು, "ವಯಸ್ಸಾಯ್ತಲ್ಲ ಬುಡಿ ಸಾಬ್ರೇ" ಎಂದ. ನನಗೆ ಆ ಕ್ಷಣವೇ ಎಲ್ಲ ಗೊತ್ತಾಯಿತು. ತಪ್ಪು ಮಾಡಿದವರು ಎದ್ದು ನಿಂತು ಹೇಳಿ ಎಂದು ದಿನಾ ಮಕ್ಕಳಿಗೆ ಹೇಳುವವಳು, ಸೀರೆಗೆ ಕೈ ಒರೆಸಿಕೊಳ್ಳುತ್ತಾ ಸುಮ್ಮನೆ ನಿಂತಿದ್ದೆ.

ಆವತ್ತು ಆ ಉಗುರಿನ ಕೆಲಸ ನೋಡಿದೆ. ಒಂದೊಂದು ರಾಡಿಗೂ ಒಂದೊಂದು ಕ್ಯಾಪು ಇಟ್ಟು, ಕೈಯಲ್ಲೇ ಬಿಗಿದು, ಕೂಡಿದ ಗೆರೆಯ ಮೇಲೆ ಉಗುರು ಎಳೆಯುವರು. ಉಗುರು ಎಲ್ಲಾದರೂ ಎಡವಿದರೆ ತೆಗೆದು ಬೇರೆಯದು. ಬೆಳಕು ಇಳಿಯುವ ಹೊತ್ತಿಗೆ ನಾಲ್ಕಕ್ಕೂ ಜೊತೆ ಸಿಕ್ಕಿತು. ಇಂಜಿನ್ ಒಂದೇ ಕೈಯಲ್ಲಿ ಹಗುರಾಗಿ ತಿರುಗಿತು. ನಾನು ಹೊಗಳಲು ಹೋದರೆ ಅವರು, "ಉಗ್ರು ಮರ್ತಿಲ್ಲ ಕಣಮ್ಮ. ತಲೆ ಮರ್ತದೆ" ಎಂದರು.

ಅದಾಗಿ ಹದಿನೈದು ದಿನಕ್ಕೆ ಕಾರು ಓಡಿತು. ಹನಗೋಡಿನವರೆಗೆ ನಾನು ಓಡಿಸಿದೆ, ಸಾಬರು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತು ಇಂಜಿನ್ ಸದ್ದನ್ನೇ ಕೇಳುತ್ತಿದ್ದರು. ಲಕ್ಷ್ಮಣತೀರ್ಥ ಹೊಳೆಯ ಸೇತುವೆ ಬಂದಾಗ, "ಐನೂರ್ ಮೈಲಿ ಮೆತ್ತಗೆ ಓಡ್ಸಿ, ಆಮೇಕೆ ಬನ್ನಿ, ಹೆಡ್ ಬೋಲ್ಟ್ ಬಿಗ್ಮಾಡ್ಕೊಡ್ತೀನಿ. ಮನೆ ತಾವ್ಕೇ ಬನ್ನಿ. ಶೆಡ್ಡು ಇರಾಕಿಲ್ಲ" ಎಂದರು. ಹೇಳಬೇಕೆಂದು ಬಾಯಿಗೆ ಬಂತು. ಇಂಜಿನ್ ಸದ್ದಿಗೆ ಅವರು ಅಷ್ಟು ಸಂತೋಷದಲ್ಲಿದ್ದಾಗ ಯಾಕೆ, ಐನೂರು ಮೈಲಿ ಆದಮೇಲೆ ಹೇಳಿದರಾಯಿತು ಅಂದುಕೊಂಡೆ. ಆ ತಿಂಗಳೇ ಅವರು ಶೆಡ್ಡು ಖಾಲಿ ಮಾಡಿದರು.

ಪರೀಕ್ಷೆ, ಪೇಪರು ತಿದ್ದುವುದು ಎಂದು ನನಗೆ ಐನೂರು ಮೈಲಿಗೆ ಐದು ತಿಂಗಳು ಹಿಡಿಯಿತು. ಅವರ ಮನೆಯ ಮುಂದೆ ಕಾರು ನಿಲ್ಲಿಸಿದಾಗ ಹೊರಗೆ ಬಂದದ್ದು ಅವರ ಹೆಂಡತಿ ಜೈಬುನ್ನಮ್ಮ. "ಓಗ್ಬುಟ್ರಮ್ಮ, ಇಪ್ಪತ್ತು ದಿನ ಆಯ್ತು. ಮಲ್ಗಿದ್ದಂಗೇ" ಎಂದು ಒಳಗೆ ಕರೆದು ಕೂರಿಸಿದರು. ಶೆಡ್ಡು ಬಿಟ್ಟ ಮೇಲೆ ಅವರಿಗೆ ಹೊತ್ತು ಹೋಗುತ್ತಿರಲಿಲ್ಲವಂತೆ. ರಸ್ತೆಯಲ್ಲಿ ಹೋಗುವ ಗಾಡಿಗಳ ಸದ್ದು ಕೇಳುತ್ತಾ ಜಗಲಿಯಲ್ಲೇ ಕೂತಿರುತ್ತಿದ್ದರಂತೆ.

ನಾನು ಎಲ್ಲವನ್ನೂ ಹೇಳಿದೆ. ದಾರ ಬಿಚ್ಚಿದ್ದು, ತಿರುಗಿ ಕಟ್ಟಿದ್ದು, ಸುಮ್ಮನಿದ್ದದ್ದು. ಜೈಬುನ್ನಮ್ಮ ಟೀ ಲೋಟ ನನ್ನ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು ಎದುರಿಗೆ ಕೂತರು.

"ಇದ್ನ ಅವರ್ಗೆ ಒಂದ್ ಮಾತು ಯೋಳ್ಬೇಕಿತ್ತಲ್ಲಮ್ಮ" ಎಂದರು. "ಬೀಗ ಆಕ್ತಿರ್ಲಿಲ್ಲ."

ಆ ಮಾತಿನಲ್ಲಿ ಸಿಟ್ಟು ಒಂದಿಷ್ಟೂ ಇರಲಿಲ್ಲ. ಇದ್ದಿದ್ದರೆ ನನಗೆ ಆ ಟೀ ಕುಡಿಯಲು ಆಗುತ್ತಿತ್ತು.